ಹನ್ನೊಂದನೇ ದಿನ ಕಳೆದ ಮೇಲೆ



ಸಾವು ಬಂದ ಮನೆಯನ್ನು ಹೇಗೆ ನೋಡಿಕೊಳ್ಳಬೇಕೆಂಬುದು ನಮ್ಮ ಊರುಗಳಿಗೆ ಚೆನ್ನಾಗಿ ಗೊತ್ತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ತಾಲ್ಲೂಕುಗಳ ಯಾವ ಹಳ್ಳಿಗೆ ಹೋದರೂ ಕ್ರಮ ಹೆಚ್ಚುಕಡಿಮೆ ಒಂದೇ. ಸುದ್ದಿ ಮುಟ್ಟಿಸುವವರು ಮುಟ್ಟಿಸುತ್ತಾರೆ, ತಮಟೆ ಬರುತ್ತದೆ, ಹತ್ತಿರದ ನೆಂಟರು ಬಂದು ಮುಖ ನೋಡುವ ತನಕ ಹೆಣ ಎತ್ತುವುದಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವಾದ್ದರಿಂದ ನೆರೆಯವರೋ ಬೀಗರೋ ಅನ್ನ ಸಾರು ತಂದು ಬಡಿಸುತ್ತಾರೆ. ಭಜನೆಯವರು ತಂಬೂರಿ ಹಿಡಿದು ಬೆಳಗಿನ ಜಾವದವರೆಗೆ ತತ್ವಪದ ಹಾಡುತ್ತಾರೆ. ಮೂರನೇ ದಿನ ಹಾಲುತುಪ್ಪ, ಹನ್ನೊಂದನೇ ದಿನ ತಿಥಿ. ಮುಸಲ್ಮಾನರ ಮನೆಗಳಲ್ಲಿ ಮೂರನೇ ದಿನದ ಜಿಯಾರತ್, ನಲವತ್ತನೇ ದಿನದ ಫಾತಿಹಾ. ಇದನ್ನೆಲ್ಲ ಬರಿಯ ಖರ್ಚಿನ ಬಾಬ್ತು ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಮನೆಯವರೊಬ್ಬರು ಹೋದ ಮೊದಲ ವಾರ ಉಳಿದವರಿಗೆ ಕೈಕಾಲು ಆಡುವುದಿಲ್ಲ. ಆ ಹೊತ್ತಿನಲ್ಲಿ ಶಾಸ್ತ್ರ ಅವರ ಕೈಗೆ ಒಂದೊಂದೇ ಕೆಲಸ ಕೊಡುತ್ತದೆ, ಮನೆಯನ್ನು ಜನರಿಂದ ತುಂಬುತ್ತದೆ, ಅಳುವುದಕ್ಕೆ ಒಂದು ಹೊತ್ತು ಗೊತ್ತುಮಾಡುತ್ತದೆ. ತಲೆತಲಾಂತರದ ಅನುಭವ ಅದರ ಹಿಂದಿದೆ.

ಆದರೆ ತಿಥಿಯ ಊಟ ಮುಗಿದು ಶಾಮಿಯಾನ ಬಿಚ್ಚಿದ ಮೇಲೆ ಏನಾಗುತ್ತದೆ? ನೆಂಟರು ಬಸ್ಸು ಹತ್ತುತ್ತಾರೆ. ಹಸುವಿಗೆ ಹುಲ್ಲು ಹಾಕಬೇಕು, ಮಕ್ಕಳು ಶಾಲೆಗೆ ಹೋಗಬೇಕು, ಸಂಘದ ಸಾಲದ ಕಂತು ಕಟ್ಟಬೇಕು. ಊರಿನ ಲೆಕ್ಕದಲ್ಲಿ ಸೂತಕ ಕಳೆಯಿತು. ಗಂಡನನ್ನೋ ಮಗನನ್ನೋ ಕಳೆದುಕೊಂಡವರ ಲೆಕ್ಕದಲ್ಲಿ ನಿಜವಾದ ದುಃಖ ಹನ್ನೆರಡನೇ ದಿನ ಶುರುವಾಗುತ್ತದೆ. ಇದಲ್ಲದೆ ಹನ್ನೊಂದು ದಿನಗಳ ಸಮಾಧಾನವೂ ಸಿಗದ ದುಃಖಗಳಿವೆ. ಮಕ್ಕಳಾಗದ ದುಃಖಕ್ಕೆ ಯಾವ ತಿಥಿ? ಹುಟ್ಟುವ ಮೊದಲೇ ಹೋದ ಕೂಸಿಗೆ ಯಾರು ಮುಖ ನೋಡಲು ಬರುತ್ತಾರೆ? ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಕಳಚುವ ಹಂತ, ದಾಟಿ ಇನ್ನೇನು ಗೂಡು ಕಟ್ಟಬೇಕಾದ ಹುಳು ಸಪ್ಪೆರೋಗ ಬಂದು ತಿಪ್ಪೆಗೆ ಹೋದಾಗ ರೇಷ್ಮೆ ರೈತನ ಮನೆಗೆ ಯಾರು ಅನ್ನ ತರುತ್ತಾರೆ? ಅಮೆರಿಕದ ವಿದ್ವಾಂಸ ಕೆನೆತ್ ಡೋಕ 1989ರಲ್ಲಿ ಇಂಥ ದುಃಖಗಳ ಬಗ್ಗೆ ಒಂದು ಪುಸ್ತಕವನ್ನೇ ಹೊರತಂದರು. ಸಮಾಜ ಒಪ್ಪಿಕೊಳ್ಳದ, ಬಹಿರಂಗವಾಗಿ ಶೋಕಿಸಲು ಅವಕಾಶ ಕೊಡದ ನಷ್ಟಗಳು ಒಪ್ಪಿತ ನಷ್ಟಗಳಿಗಿಂತ ಹೆಚ್ಚು ಕಾಲ ಒಳಗೇ ಕೊರೆಯುತ್ತವೆ ಎಂಬುದು ಅವರ ವಾದದ ತಿರುಳು. ಶಾಸ್ತ್ರ ಕೈಬಿಟ್ಟ ಈ ದುಃಖಗಳನ್ನು ನಮ್ಮ ಸಣ್ಣ ಊರುಗಳಲ್ಲಿ ಹೊತ್ತು ನಡೆಸುತ್ತಿರುವುದು ಬಹಳ ಸಲ ರಕ್ತಸಂಬಂಧವಲ್ಲ, ಯಾರೂ ನಿರೀಕ್ಷಿಸದ ಸ್ನೇಹ. ಆ ಸ್ನೇಹವೂ ಅನುಕಂಪದಿಂದ ಹುಟ್ಟುವುದು ಕಡಿಮೆ. ಜೊತೆಗೆ ಮಾಡಿದ ಕೆಲಸದಿಂದ, ದಿನನಿತ್ಯದ ಗುರುತಿನಿಂದ ಹುಟ್ಟುವುದೇ ಹೆಚ್ಚು. ಈ ಮಾತನ್ನು ಇವತ್ತು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಬಂಧುಗಳನ್ನು ಹಗುರ ಮಾಡಿ ಮಾತಾಡುವ ಉದ್ದೇಶ ನನಗಿಲ್ಲ. ಬಂಧುಗಳಿಗೆ ಒಂದು ಕಷ್ಟವಿದೆ: ಸತ್ತವನು ಅವರಿಗೂ ಸೇರಿದವನು. ಅಣ್ಣನನ್ನು ಕಳೆದುಕೊಂಡ ತಮ್ಮನ ಎದುರು ಅತ್ತಿಗೆ ಎಷ್ಟು ಅಳಬಹುದು? ಮಗ ಹೋದ ಅತ್ತೆಯ ಮುಂದೆ ಸೊಸೆ ತನ್ನ ಗೋಳು ಎಷ್ಟು ತೋಡಿಕೊಳ್ಳಬಹುದು? ಜೊತೆಗೆ ಜಮೀನಿನ ಪಾಲಿದೆ, ಆಸ್ಪತ್ರೆಗೆ ಮಾಡಿದ ಸಾಲವಿದೆ, ಯಾರು ಎಷ್ಟು ಕೊಟ್ಟರು ಎಂಬ ಎಣಿಕೆಯಿದೆ. ಬಂಧುವಿನ ಬಾಯಲ್ಲಿ ಬರುವ ಪ್ರತಿ ಸಾಂತ್ವನದ ಮಾತಿಗೂ ಒಂದು ಹಿಂದುಮುಂದಿನ ಕಥೆ ಅಂಟಿಕೊಂಡಿರುತ್ತದೆ. ನೆರೆಯ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಅಲ್ಲಿನ ಜನರನ್ನೇ ಪಾತ್ರಧಾರಿಗಳನ್ನಾಗಿ ಮಾಡಿಕೊಂಡು ರಾಮ್ ರೆಡ್ಡಿ ನಿರ್ದೇಶಿಸಿದ, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ‘ತಿಥಿ’ ಚಿತ್ರ ಇದನ್ನು ಬಹಳ ನಿಖರವಾಗಿ ತೋರಿಸಿತು. ಸೆಂಚುರಿ ಗೌಡ ಸತ್ತ ಮೇಲೆ ಹನ್ನೊಂದು ದಿನಗಳ ಓಡಾಟವೇ ಆ ಚಿತ್ರದ ಕಥೆ. ಊರೆಲ್ಲ ತಿಥಿಯ ಊಟದ ಚಿಂತೆಯಲ್ಲಿದೆ, ಮೊಮ್ಮಗ ಜಮೀನಿನ ಕಾಗದಪತ್ರದ ಹಿಂದೆ ಬಿದ್ದಿದ್ದಾನೆ. ಸತ್ತವನ ಮಗ ಗಡ್ಡಪ್ಪ ಮಾತ್ರ ಯಾವುದೂ ಅಂಟದವನಂತೆ ಅಲೆಯುತ್ತಾನೆ. ಅವನ ಎದೆಯಲ್ಲಿ ಎಷ್ಟು ಹಳೆಯ ದುಃಖವಿದೆ ಎಂಬುದು ನೋಡುವವರಿಗೆ ತಿಳಿಯುವುದು ಅವನು ಅಲೆಮಾರಿ ಕುರಿಗಾಹಿಗಳ ನಡುವೆ ರಾತ್ರಿ ಕುಳಿತು ಬಾಯಿಬಿಟ್ಟಾಗ. ಸ್ವಂತ ಮಗನಿಗೆ ಹೇಳದ್ದನ್ನು ಅವನು ನಾಳೆ ಇನ್ನೊಂದೂರಿಗೆ ಹೊರಡುವವರಿಗೆ ಹೇಳುತ್ತಾನೆ. ಕಥೆ ಕಟ್ಟಿದ್ದೇ ಇರಬಹುದು. ಈ ಸೀಮೆಯಲ್ಲಿ ಬಾಳಿದ ಯಾರಿಗೂ ಅದು ಸುಳ್ಳೆನಿಸಲಿಲ್ಲ. ಹೇಳಿಕೊಂಡದ್ದನ್ನು ನಾಳೆ ನಮ್ಮ ಮೇಲೆಯೇ ತಿರುಗಿಸಲು ಕಾರಣವಿಲ್ಲದವರ ಮುಂದೆ ಮಾತ್ರ ಕೆಲವು ಮಾತು ಹೊರಬರುತ್ತವೆ.

ಈಗ ಕಟ್ಟುಕಥೆ ಬಿಟ್ಟು ನಡೆದದ್ದಕ್ಕೆ ಬರುತ್ತೇನೆ. ನನ್ನ ವಾದಕ್ಕೆ ಎಲ್ಲಕ್ಕಿಂತ ದೊಡ್ಡ ಆಧಾರ ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಲ್ಲಿದೆ. ಸಾಲುಮರದ ತಿಮ್ಮಕ್ಕನವರ ಹೆಸರು ಗೊತ್ತಿಲ್ಲದ ಕನ್ನಡಿಗರಿಲ್ಲ. ಆದರೆ ಅವರ ಕಥೆಯನ್ನು ಶಾಲೆಯ ಪಾಠದಲ್ಲಿ, ಸನ್ಮಾನದ ವೇದಿಕೆಯಲ್ಲಿ ಒಂದೇ ವಾಕ್ಯಕ್ಕೆ ಇಳಿಸಿಬಿಟ್ಟಿದ್ದೇವೆ: ಮಕ್ಕಳಿರಲಿಲ್ಲ, ಮರಗಳನ್ನೇ ಮಕ್ಕಳೆಂದುಕೊಂಡರು. ಈ ವಾಕ್ಯ ಸುಳ್ಳಲ್ಲ, ಆದರೆ ಅದರೊಳಗೆ ದುಃಖ ಹೇಗೆ ನಡೆದುಕೊಂಡಿತು ಎಂಬ ಮುಖ್ಯ ಸಂಗತಿಯೇ ಕಳೆದುಹೋಗಿದೆ. ತಿಮ್ಮಕ್ಕ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದವರು. ಶಾಲೆಗೆ ಹೋದವರಲ್ಲ, ಕಲ್ಲುಗಣಿಯಲ್ಲಿ ಕೂಲಿ ಮಾಡಿದವರು. ಹುಲಿಕಲ್ಲಿನ ಚಿಕ್ಕಯ್ಯನವರನ್ನು ಮದುವೆಯಾದರು. ಮದುವೆಯಾಗಿ ಎಷ್ಟೋ ವರ್ಷ ಕಳೆದರೂ ಮಕ್ಕಳಾಗಲಿಲ್ಲ. ಆ ಕಾಲದ ಹಳ್ಳಿಯಲ್ಲಿ ಮಕ್ಕಳಿಲ್ಲದ ಹೆಣ್ಣಿನ ಸ್ಥಿತಿ ಏನೆಂದು ವಿವರಿಸಬೇಕಿಲ್ಲ. ಸೀಮಂತಕ್ಕೆ ಕರೆಯುವುದಿಲ್ಲ, ತೊಟ್ಟಿಲ ಶಾಸ್ತ್ರದಲ್ಲಿ ಮುಂದೆ ನಿಲ್ಲಿಸುವುದಿಲ್ಲ. ಮಕ್ಕಳಾಗಲೆಂದು ಹರಕೆ ಹೊರುವುದಕ್ಕೆ ಈ ಸೀಮೆಯಲ್ಲಿ ದೇವರಿಗೇನೂ ಕೊರತೆಯಿಲ್ಲ; ಕನಕಪುರ ತಾಲ್ಲೂಕಿನ ಕಬ್ಬಾಳಮ್ಮನಿದ್ದಾಳೆ, ಚನ್ನಪಟ್ಟಣದ ದರ್ಗಾ ಇದೆ. ಆದರೆ ಹರಕೆ ಫಲಿಸದೆ ಹೋದವರಿಗಾಗಿ ಯಾವ ಆಚರಣೆಯೂ ಇಲ್ಲ. ಅವರು ಮನೆಯ ಮೂಲೆಯಲ್ಲಿ ಕುಳಿತು ತಮ್ಮ ಕರ್ಮವೆಂದುಕೊಳ್ಳಬೇಕು, ಅಷ್ಟೇ.

ತಿಮ್ಮಕ್ಕ ಚಿಕ್ಕಯ್ಯ ಮನೆಯ ಮೂಲೆಯಲ್ಲಿ ಕೂರಲಿಲ್ಲ. ಊರಿನ ಸುತ್ತ ಇದ್ದ ಆಲದ ಮರಗಳಿಂದ ಸಸಿ ಮಾಡಿಕೊಂಡು ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಹೋಗುವ ರಸ್ತೆಯ ಅಂಚಿಗೆ ನೆಡತೊಡಗಿದರು. ಮೊದಲ ವರ್ಷ ಹತ್ತು, ಮರುವರ್ಷ ಹದಿನೈದು, ಅದರ ಮುಂದಿನ ವರ್ಷ ಇಪ್ಪತ್ತು. ಮಳೆಗಾಲಕ್ಕೆ ಸರಿಯಾಗಿ ನೆಡುತ್ತಿದ್ದರು, ಬೇರು ಹಿಡಿಯುವ ತನಕ ಬಿಂದಿಗೆಗಳಲ್ಲಿ ನೀರು ಹೊತ್ತು ಹಾಕುತ್ತಿದ್ದರು, ದನ ತಿನ್ನದಂತೆ ಸುತ್ತ ಮುಳ್ಳಿನ ಬೇಲಿ ಕಟ್ಟುತ್ತಿದ್ದರು. ಹೀಗೆ ಸುಮಾರು ನಾಲ್ಕು ಕಿಲೋಮೀಟರ್ ಉದ್ದಕ್ಕೆ 385 ಆಲದ ಮರಗಳು ನಿಂತವು. ಇದರಲ್ಲಿ ಗಮನಿಸಬೇಕಾದ ಮೂರು ಸಂಗತಿಗಳಿವೆ. ಅವರು ನೆಟ್ಟದ್ದು ತಮ್ಮ ಹೊಲದ ಬದುವಿನಲ್ಲಲ್ಲ, ಎಲ್ಲರೂ ಓಡಾಡುವ ದಾರಿಯಲ್ಲಿ. ನೆಟ್ಟದ್ದು ಮಾವು ತೆಂಗಲ್ಲ. ಕೂಲಿ ಮಾಡುವವರ ಕೈಗೆ ಒಂದು ಕಾಸೂ ಬರದ, ಬೆಳೆಯಲು ದಶಕಗಳನ್ನು ಬೇಡುವ ಆಲ. ಮೂರನೆಯದನ್ನು ನಾವು ಮಾತಾಡುವುದೇ ಇಲ್ಲ: ಆ ಕೆಲಸವನ್ನು ಒಬ್ಬ ಹೆಂಗಸು ಒಂಟಿಯಾಗಿ ಮಾಡಲಿಲ್ಲ. ಮಕ್ಕಳಿಲ್ಲದ ಗಂಡಸಿಗೆ ಇನ್ನೊಂದು ಮದುವೆ ಮಾಡಿಕೋ ಎಂದು ಹೇಳುವುದು ಸಹಜವೆನಿಸುತ್ತಿದ್ದ ಕಾಲದಲ್ಲಿ ಚಿಕ್ಕಯ್ಯ ಹೆಂಡತಿಯ ಜೊತೆ ಬಿಂದಿಗೆ ಹೊತ್ತು ಹೊರಟರು. ಗಂಡಹೆಂಡಿರ ನಡುವಿನ ಸಂಬಂಧ ಅಲ್ಲಿ ಸ್ನೇಹವಾಯಿತು ಎನ್ನಲು ನಾನು ಹಿಂಜರಿಯುವುದಿಲ್ಲ. ಒಂದೇ ದುಃಖದ ಇಬ್ಬರು ಅದರ ಬಗ್ಗೆ ಮಾತಾಡದೆಯೂ ಅದನ್ನು ಹಂಚಿಕೊಳ್ಳಲು ಸಾಧ್ಯವಾದದ್ದು ಇಬ್ಬರ ಕೈಯಲ್ಲೂ ಒಂದೇ ಕೆಲಸವಿದ್ದುದರಿಂದ.

1991ರಲ್ಲಿ ಚಿಕ್ಕಯ್ಯ ತೀರಿಕೊಂಡರು. ವಿಧವೆಯ ದುಃಖಕ್ಕೆ ಊರು ತನ್ನ ಹನ್ನೊಂದು ದಿನಗಳನ್ನು ಕೊಟ್ಟಿರಬೇಕು. ಅದರಾಚೆಗೆ ತಿಮ್ಮಕ್ಕನಿಗೆ ಉಳಿದದ್ದು ಆ ರಸ್ತೆ. ಮತ್ತು ಆ ರಸ್ತೆಯ ಕಾರಣಕ್ಕೇ ಅವರ ಮನೆಗೆ ಜನ ಬರತೊಡಗಿದರು: ಪತ್ರಕರ್ತರು, ಪರಿಸರದ ಕೆಲಸ ಮಾಡುವವರು, ಶಾಲಾ ಮಕ್ಕಳು. 1990ರ ದಶಕದಿಂದ ಪ್ರಶಸ್ತಿಗಳು ಬಂದವು, 2010ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ನೀಡಿತು, 2019ರಲ್ಲಿ ಪದ್ಮಶ್ರೀ ಬಂತು. ಪ್ರಶಸ್ತಿಗಳ ಪಟ್ಟಿ ನನ್ನ ವಿಷಯವಲ್ಲ. ನನ್ನ ಕಣ್ಣು ನೆಟ್ಟಿರುವುದು ಇನ್ನೆರಡು ಸಂಗತಿಗಳ ಮೇಲೆ. ಒಂದು, ಗಂಡನ ನೆನಪಿಗೆ ಹುಲಿಕಲ್ಲಿನಲ್ಲಿ ಆಸ್ಪತ್ರೆ ಕಟ್ಟಿಸಬೇಕೆಂಬ ಆಸೆಯನ್ನು ಅವರು ಕೊನೆಯವರೆಗೂ ಇಟ್ಟುಕೊಂಡಿದ್ದರು. ಇನ್ನೊಂದು, ಗಿಡ ನೆಡುವ ಕೆಲಸದ ಮೂಲಕವೇ ಹತ್ತಿರವಾದ ಉಮೇಶ್ ಎಂಬ ತರುಣನನ್ನು ಇಳಿವಯಸ್ಸಿನಲ್ಲಿ ಮಗನೆಂದು ಸ್ವೀಕರಿಸಿದರು. ಮರಗಳು ಮಕ್ಕಳ ಜಾಗವನ್ನು ಪೂರ್ತಿ ತುಂಬಿದ್ದರೆ ಈ ಎರಡೂ ಬೇಕಾಗುತ್ತಿರಲಿಲ್ಲ. ಅವರ ದುಃಖ ತೀರಿಹೋಗಲಿಲ್ಲ. ಅದಕ್ಕೆ ಜೊತೆ ಸಿಕ್ಕಿತು. ಅಕ್ಷರ ಬಾರದ ಹಳ್ಳಿಯ ಮುದುಕಿಗೂ ಬೇರೆ ಜಿಲ್ಲೆಯ ಯುವಕನಿಗೂ ತಾಯಿಮಗನ ಸಂಬಂಧ ಕೂಡಿಬರಲು ಜಾತಕ ಬೇಕಾಗಲಿಲ್ಲ, ಒಂದು ಸಮಾನವಾದ ಕೆಲಸ ಸಾಕಾಯಿತು. ದುಃಖವನ್ನು ಮನೆಯಿಂದ ರಸ್ತೆಗೆ ತಂದದ್ದರಿಂದಲೇ ಹೊರಗಿನವರು ಅದನ್ನು ಕೈಹಿಡಿಯಲು ಸಾಧ್ಯವಾಯಿತು.

ಇದಕ್ಕೆ ಇನ್ನೊಂದು ಸಾಕ್ಷಿ 2019ರಲ್ಲಿ ಸಿಕ್ಕಿತು. ಬಾಗೇಪಲ್ಲಿ–ಹಲಗೂರು ರಸ್ತೆಯ ಅಗಲೀಕರಣಕ್ಕೆ ಈ ಮರಗಳು ಬಲಿಯಾಗಲಿವೆ ಎಂಬ ಸುದ್ದಿ ಬಂದಾಗ ತಿಮ್ಮಕ್ಕ ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಮತ್ತು ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಅವರಿಗೆ ಮನವಿ ಮಾಡಿದರು. ಸರ್ಕಾರ ಬೇರೆ ದಾರಿ ಹುಡುಕುವುದಾಗಿ ಒಪ್ಪಿತು. ಒಬ್ಬ ಹೆಂಗಸಿನ ಖಾಸಗಿ ನೋವಾಗಿದ್ದದ್ದು ಆ ಹೊತ್ತಿಗೆ ಒಂದು ನಾಡಿನ ಕಾಳಜಿಯಾಗಿತ್ತು. 2025ರ ನವೆಂಬರ್ 14ರಂದು ಅವರು ತೀರಿಕೊಂಡಾಗ ರಾಜ್ಯವೇ ಸೂತಕದ ಮನೆಯಾಯಿತು. ಮಕ್ಕಳಿಲ್ಲದವಳೆಂದು ಶುಭಕಾರ್ಯಗಳಿಂದ ಒಂದು ಕಾಲದಲ್ಲಿ ದೂರ ಇಟ್ಟಿದ್ದ ಸಮಾಜವೇ ಆ ಸಾವಿಗೆ ಸರ್ಕಾರಿ ಗೌರವ ಕೊಟ್ಟಿತು ಎಂಬುದನ್ನು ನಾವು ಸ್ವಲ್ಪ ನಾಚಿಕೆಯಿಂದಲೇ ನೆನೆಯಬೇಕು.

ತಿಮ್ಮಕ್ಕನಂಥವರು ನೂರು ವರ್ಷಕ್ಕೊಬ್ಬರು, ಅವರನ್ನು ಮುಂದಿಟ್ಟು ಸಾಮಾನ್ಯರ ಬಗ್ಗೆ ತೀರ್ಮಾನ ಹೇಳಬಹುದೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಾಗಾಗಿ ಯಾವ ದೊಡ್ಡ ಹೆಸರೂ ಇಲ್ಲದ ಒಂದು ಜಾಗಕ್ಕೆ ಬರೋಣ: ರಾಮನಗರದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಮಾರುಕಟ್ಟೆ ಅದು. ಗೂಡಿನೊಳಗೆ ಜೀವವಿದೆ, ಬಿಡಿಸಿದ ಗೂಡನ್ನು ಕೆಲವೇ ದಿನಗಳಲ್ಲಿ ಮಾರದಿದ್ದರೆ ಚಿಟ್ಟೆ ಕೊರೆದು ಹೊರಬಂದು ನೂಲು ಹಾಳಾಗುತ್ತದೆ. ಆದ್ದರಿಂದ ರೈತ ಗೂಡನ್ನು ಇಟ್ಟುಕೊಂಡು ಕೂರಲಾರ. ಕೊಳ್ಳುವ ರೀಲರ್‌ನ ಬಂಡವಾಳವೂ ಸಣ್ಣದು. ಇವತ್ತು ಕೊಂಡದ್ದನ್ನು ಬಿಚ್ಚಿ, ನೂಲು ಮಾರಿ, ಮತ್ತೆ ನಾಳೆ ಹರಾಜಿಗೆ ಬರಬೇಕು. ಗೂಡು ತರುವವರಲ್ಲಿ ಹೆಚ್ಚಿನವರು ಸುತ್ತಲಿನ ಹಳ್ಳಿಗಳ ಒಕ್ಕಲು ಮಕ್ಕಳು. ರೀಲರ್‌ಗಳಲ್ಲಿ ಹೆಚ್ಚಿನವರು ಊರಿನ ಮುಸಲ್ಮಾನ ಕುಟುಂಬದವರು. ಇಬ್ಬರಿಗೂ ಪರಸ್ಪರ ಬಿಟ್ಟರೆ ಗತಿಯಿಲ್ಲ. ಜಾಲರಿಯಲ್ಲಿ ಸುರಿದ ಗೂಡನ್ನು ಕೈಯಲ್ಲಿ ಹಿಡಿದು ಅಲುಗಾಡಿಸಿ ನೋಡುವಾಗ, ರೇಟು ಕಟ್ಟುವಾಗ, ಜಗಳವೂ ಆಗುತ್ತದೆ, ಗುರುತೂ ಆಗುತ್ತದೆ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ಪೆಟ್ಟು ಬಿದ್ದದ್ದು ಇಬ್ಬರಿಗೂ. ರೈತನ ಗೂಡಿನ ಬೆಲೆ ಕುಸಿಯಿತು. ಅಗ್ಗದ ಚೀನಾ ನೂಲಿನ ಎದುರು ರೀಲರ್‌ನ ಚರಕವೂ ಕುಂಟಿತು. ಚನ್ನಪಟ್ಟಣದಲ್ಲಿ ಆಲೆ ಮರವನ್ನು ಕಡೆದು ಅರಗಿನ ಬಣ್ಣ ಕೂರಿಸುವ ಗೊಂಬೆ ಕಾರ್ಖಾನೆಗಳಲ್ಲೂ ಬೇರೆ ಬೇರೆ ಮನೆತನದ ಗಂಡಸರು ಹೆಂಗಸರು ಅಕ್ಕಪಕ್ಕ ಕೂತು ದಿನ ಕಳೆಯುತ್ತಾರೆ. ಇಂಥ ಗುರುತನ್ನು ನಾವು ಸ್ನೇಹವೆಂದು ಎಣಿಸುವುದಿಲ್ಲ, ಮನೆಗೆ ಕರೆಯುವುದೂ ಅಪರೂಪ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದ ಪ್ರಸಿದ್ಧ ಲೇಖನವೊಂದು ಇಂಥ ತೆಳುವಾದ ಪರಿಚಯಗಳ ಬಲವನ್ನೇ ಕುರಿತದ್ದು. ಆಪ್ತರಿಗೆ ಗೊತ್ತಿರುವುದೆಲ್ಲ ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ, ಹೊಸ ಕೆಲಸದ ದಾರಿ ತೆರೆಯುವುದು ದೂರದ ಪರಿಚಯದವರಿಂದ ಎಂದು ಅವರು ತೋರಿಸಿದರು. ಅವರು ನೋಡಿದ್ದು ಉದ್ಯೋಗ ಹುಡುಕುವವರನ್ನು. ದುಃಖಕ್ಕೆ ಅದನ್ನು ಹೊಂದಿಸುತ್ತಿರುವುದು ನನ್ನ ತರ್ಕ. ಮನೆಯವರೆಲ್ಲ ಒಂದೇ ಸಾವಿನಲ್ಲಿ ಮುಳುಗಿರುವಾಗ ಆಚೆ ದಡದಲ್ಲಿ ನಿಂತವರು ಮಾತ್ರ ಕೈ ಚಾಚಬಲ್ಲರು. ಆ ದಡದವರ ಗುರುತೇ ಇಲ್ಲದಿದ್ದರೆ ಯಾರನ್ನು ಕೂಗುವುದು?

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಎದುರಾಗುತ್ತದೆ, ಅದನ್ನು ಮರೆಸಿ ಮುಂದೆ ಹೋಗುವುದು ಅಪ್ರಾಮಾಣಿಕತೆ. 1990ರಲ್ಲಿ ಇದೇ ರಾಮನಗರ, ಇದೇ ಚನ್ನಪಟ್ಟಣದಲ್ಲಿ ಕೋಮುಗಲಭೆ ನಡೆಯಿತು, ಜೀವಗಳು ಹೋದವು. ಅದೇ ವರ್ಷ ರಾಜ್ಯದ ಬೇರೆ ಊರುಗಳಲ್ಲೂ ಹಬ್ಬಿದ ಆ ಗಲಭೆಗಳ ಬೆನ್ನಿಗೇ ಮುಖ್ಯಮಂತ್ರಿ ವೀರೇಂದ್ರ ಪಾಟೀಲರ ಅಧಿಕಾರವೂ ಹೋಯಿತು. ದಿನವೂ ಗೂಡಿನ ಹರಾಜಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತವರಿದ್ದ ಊರಿನಲ್ಲೇ ಹೀಗಾಯಿತಲ್ಲ, ನಿಮ್ಮ ಗುರುತು ಎಲ್ಲಿ ಹೋಗಿತ್ತು ಎಂದು ಕೇಳಿದರೆ ಉತ್ತರ ಸುಲಭವಲ್ಲ. ವ್ಯಾಪಾರದ ಗುರುತು ತಾನಾಗಿಯೇ ಸ್ನೇಹವಾಗುವುದಿಲ್ಲ, ಅದರಲ್ಲೇ ಹಗೆಯೂ ಬೆಳೆಯಬಹುದು. ತೂಕದ ಮೋಸ, ಬಾಕಿ ಹಣ, ರೇಟಿನ ಜಗಳ ಹೊರಗಿನಿಂದ ಬಂದ ದ್ವೇಷಕ್ಕೆ ಉರುವಲಾಗಬಹುದು. ಇದನ್ನು ಒಪ್ಪುತ್ತೇನೆ. ಆದರೆ ಆ ಮಾರುಕಟ್ಟೆ ಮತ್ತೆ ನಡೆಯಿತು, ಮೂರು ದಶಕ ದಾಟಿದ ಮೇಲೂ ನಡೆಯುತ್ತಿದೆ. ಸತ್ತವರ ಮನೆಯವರು ಎರಡೂ ಕಡೆ ಇರುವ ಊರಿನಲ್ಲಿ ಮರುದಿನ ಮತ್ತೆ ಅದೇ ಜಗಲಿಗೆ ಬಂದು ನಿಲ್ಲುವುದು ಸಣ್ಣ ಮಾತಲ್ಲ. ಅಲ್ಲದೆ ಪರರ ಶೋಕದಲ್ಲಿ ಪಾಲುಗೊಳ್ಳುವ ರೂಢಿ ಈ ಸೀಮೆಗೆ ಹೊಸದೂ ಅಲ್ಲ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಮಡಿದ ಇಮಾಮ್ ಹುಸೇನರ ಶೋಕವನ್ನು ಹಳೆ ಮೈಸೂರಿನ ಎಷ್ಟೋ ಹಳ್ಳಿಗಳ ಹಿಂದೂಗಳು ಬಾಬಯ್ಯನ ಹಬ್ಬವೆಂದು ತಮ್ಮದಾಗಿ ಮಾಡಿಕೊಂಡರು. ಯಾವ ಉಪದೇಶಕರೂ ಬಂದು ಕಲಿಸಿದ್ದಲ್ಲ ಅದು. ಗುರುತು ಗಲಭೆಯನ್ನು ತಡೆಯದೆ ಹೋಗಬಹುದು. ಗುರುತೇ ಇಲ್ಲದ ಊರಿನಲ್ಲಿ ಗಲಭೆಯ ನಂತರ ಕೂಡಿಕೊಳ್ಳಲು ಏನೂ ಉಳಿಯುವುದಿಲ್ಲ.

ಇನ್ನೊಂದು ಆಕ್ಷೇಪ ನನಗೆ ಇದಕ್ಕಿಂತ ಹೆಚ್ಚು ಮುಖ್ಯ. ಹಿಂದಿನ ಕಾಲದಲ್ಲಿ ಸಾವಿಗೆ ಎಲ್ಲ ಜಾತಿಯವರೂ ಬರುತ್ತಿದ್ದರು, ಊರೇ ಒಂದು ಮನೆಯಂತಿತ್ತು ಎಂದು ಹಿರಿಯರು ಹೇಳುವುದುಂಟು. ಬರುತ್ತಿದ್ದದ್ದು ನಿಜ. ಆದರೆ ತಮಟೆ ಬಡಿದವರು, ಊರೂರಿಗೆ ಸುದ್ದಿ ಹೊತ್ತವರು, ಗುಂಡಿ ತೋಡಿದವರು ಯಾರು? ಅವರಿಗೆ ಬರುವುದಿಲ್ಲವೆನ್ನುವ ಸ್ವಾತಂತ್ರ್ಯ ಇತ್ತೇ? ಅವರ ಮನೆಯಲ್ಲಿ ಸಾವಾದಾಗ ಮೇಲಿನ ಕೇರಿಯವರು ಹೋಗಿ ಅವರ ಜಗಲಿಯಲ್ಲಿ ಕೂತರೇ? ಬಿಟ್ಟಿ ಚಾಕರಿಯನ್ನು ಸ್ನೇಹವೆಂದು ಕರೆಯುವ ಹಕ್ಕು ಯಾರಿಗೂ ಇಲ್ಲ. ಬೇಡವೆನ್ನಬಲ್ಲವರು ಬಂದಾಗ ಮಾತ್ರ ಅದು ಸ್ನೇಹ. ಆದ್ದರಿಂದ ನಾನು ಹಳೆಯ ಊರನ್ನು ಮರಳಿ ತರಬೇಕೆಂದು ವಾದಿಸುತ್ತಿಲ್ಲ. ತಮಟೆ ಬಡಿಯಲು ಒಲ್ಲೆ ಎಂದ ದಲಿತ ತರುಣರು ಸರಿಯಾದದ್ದನ್ನೇ ಮಾಡಿದರು. ಹಳೆಯ ಕಟ್ಟು ಕಳಚಿದ ಮೇಲೆ ಆ ಜಾಗಕ್ಕೆ ಸಮಾನರ ಭೇಟಿ ಬರಬೇಕಿತ್ತು. ಬಹಳ ಕಡೆ ಅದು ಬಂದಿಲ್ಲ ಎಂಬುದೇ ನನ್ನ ಕೊರಗು.

ಅದು ಬಾರದಿರುವುದಕ್ಕೆ ಜಾತಿಯೊಂದೇ ಕಾರಣವಲ್ಲ, ಜಾಗಗಳೂ ಕಡಿಮೆಯಾಗುತ್ತಿವೆ. 2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡು 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾಯಿಸಿಕೊಂಡ ಈ ಸೀಮೆ ಹೆಸರಿಗಷ್ಟೇ ಅಲ್ಲ, ಬದುಕಿಗೂ ಬೆಂಗಳೂರಾಗುತ್ತಿದೆ. ಬೆಳಿಗ್ಗೆ ಕತ್ತಲಿಗೇ ಕಾರ್ಖಾನೆಯ ಬಸ್ಸು ಹತ್ತಿದವರು ರಾತ್ರಿಗೆ ಮನೆ ಸೇರುತ್ತಾರೆ. 2023ರಲ್ಲಿ ತೆರೆದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ರಾಮನಗರ ಚನ್ನಪಟ್ಟಣಗಳನ್ನು ಬದಿಗಿಟ್ಟು ಸಾಗುತ್ತದೆ. ಹಳೆ ರಸ್ತೆಯ ಗೊಂಬೆ ಅಂಗಡಿ, ಹೋಟೆಲುಗಳ ಎದುರು ನಿಲ್ಲುತ್ತಿದ್ದ ವಾಹನಗಳು ಈಗ ಮೇಲೆಯೇ ಹಾದುಹೋಗುತ್ತವೆ. ಗೂಡಿನ ಹಣ ಈಗ ನೇರ ಬ್ಯಾಂಕ್ ಖಾತೆಗೆ ಬೀಳುತ್ತದೆ. ಇದು ಒಳ್ಳೆಯದೇ, ರೈತನ ಹಣ ಉಳಿದಿದೆ. ಆದರೆ ಒಂದೊಂದು ಅನುಕೂಲ ಬಂದಾಗಲೂ ಇಬ್ಬರು ಅಪರಿಚಿತರು ಎದುರುಬದುರು ನಿಲ್ಲುತ್ತಿದ್ದ ಒಂದು ಜಾಗ ಕಡಿಮೆಯಾಗುತ್ತದೆ. ಅದಕ್ಕೆ ಬದಲಿ ಜಾಗವನ್ನು ನಾವು ಬೇಕೆಂದೇ ಮಾಡಿಕೊಳ್ಳಬೇಕು. 2021ರ ಏಪ್ರಿಲ್ ಮೇ ತಿಂಗಳುಗಳ ಕೋವಿಡ್ ಅಲೆ ಇದನ್ನು ಕಠೋರವಾಗಿ ಕಲಿಸಿದೆ. ಮಾಗಡಿ ರಸ್ತೆಯ ತಾವರೆಕೆರೆಯಲ್ಲಿ ಬಯಲಿನಲ್ಲೇ ಚಿತೆಗಳು ಉರಿದವು. ಮಕ್ಕಳಿಗೆ ತಂದೆಯ ಹೆಣದ ಹತ್ತಿರ ಹೋಗಲಾಗಲಿಲ್ಲ. ಬೆಂಗಳೂರಿನಲ್ಲಿ ಮುಸಲ್ಮಾನ ಸ್ವಯಂಸೇವಕರು ಎಷ್ಟೋ ಹಿಂದೂ ಹೆಣಗಳನ್ನು ಹೊತ್ತು ಅವರವರ ಕ್ರಮದಂತೆ ದಹನ ಮಾಡಿಸಿದರು. ಶಾಸ್ತ್ರ ಮಾಡಬೇಕಾದವರು ಮಾಡಲಾಗದ ಹೊತ್ತಿನಲ್ಲಿ ಸಂಬಂಧವೇ ಇಲ್ಲದವರು ಆ ಋಣ ಹೊತ್ತರು. ಆ ವರ್ಷದ ದುಃಖ ಹಾಲುತುಪ್ಪವನ್ನೂ ಕಾಣದೆ ಸಾವಿರಾರು ಮನೆಗಳಲ್ಲಿ ಹಾಗೇ ಉಳಿದಿದೆ.

ಸ್ನೇಹವನ್ನು ಯೋಜನೆ ಹಾಕಿ ಬೆಳೆಸಲಾಗುತ್ತದೆಯೇ, ಅದು ತಾನಾಗಿ ಆಗಬೇಕಾದದ್ದಲ್ಲವೇ ಎಂಬ ಸಂಶಯ ಉಳಿಯುತ್ತದೆ. ಆಫ್ರಿಕಾದ ಜಿಂಬಾಬ್ವೆಯಲ್ಲಿ ಇದಕ್ಕೆ ಒಂದು ಉತ್ತರ ಸಿಕ್ಕಿದೆ. ಅಲ್ಲಿನ ಮನೋವೈದ್ಯ ಡಿಕ್ಸನ್ ಚಿಬಾಂಡ ಅವರ ರೋಗಿಯೊಬ್ಬಳು ಆಸ್ಪತ್ರೆಗೆ ಬರಲು ಬಸ್ಸಿನ ದುಡ್ಡಿಲ್ಲದೆ ಪ್ರಾಣ ಕಳೆದುಕೊಂಡಳು. ಆ ದುಃಖದಲ್ಲಿ ಅವರು 2006ರಲ್ಲಿ ರಾಜಧಾನಿ ಹರಾರೆಯ ಬಡಾವಣೆಯೊಂದರಲ್ಲಿ ಹದಿನಾಲ್ಕು ಅಜ್ಜಿಯರಿಗೆ ಸರಳ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರದ ಹೊರಗೆ ಮರದ ಬೆಂಚಿನ ಮೇಲೆ ಕೂರಿಸಿದರು. ಕಷ್ಟ ಹೇಳಿಕೊಳ್ಳಲು ಬರುವವರ ಜೊತೆ ಕೂತು ಮಾತಾಡುವುದು, ಮುಂದಿನ ವಾರ ಮಾಡಬಹುದಾದ ಒಂದು ಕೆಲಸವನ್ನು ಇಬ್ಬರೂ ಸೇರಿ ಆರಿಸುವುದು, ಇಷ್ಟೇ ವಿಧಾನ. 573 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2016ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಪ್ರಕಟವಾಯಿತು: ಆರು ತಿಂಗಳ ನಂತರ ಬೆಂಚಿನ ಮೇಲೆ ಕೂತವರ ಖಿನ್ನತೆ, ಎಂದಿನ ಚಿಕಿತ್ಸೆ ಪಡೆದವರಿಗಿಂತ ಗಣನೀಯವಾಗಿ ಕಡಿಮೆಯಾಗಿತ್ತು. ಅಜ್ಜಿಯರು ವೈದ್ಯರಲ್ಲ, ಬಂದವರ ಬಂಧುಗಳೂ ಅಲ್ಲ.

ನಮ್ಮಲ್ಲಿ ಇದಕ್ಕೆ ಬೇಕಾದ ಸಲಕರಣೆ ಆಗಲೇ ಇದೆ. ಮನೆಯಲ್ಲಿ ಕೂಸು ಹುಟ್ಟಿದರೆ ಆಶಾ ಕಾರ್ಯಕರ್ತೆ ಮೂರನೇ ದಿನ, ಏಳನೇ ದಿನ, ಹದಿನಾಲ್ಕನೇ ದಿನ, ಹೀಗೆ ನಲವತ್ತೆರಡನೇ ದಿನದವರೆಗೆ ಗೊತ್ತಾದ ದಿನಗಳಂದು ಬಾಗಿಲು ತಟ್ಟಬೇಕೆಂದು ಸರ್ಕಾರ ಕ್ಯಾಲೆಂಡರ್ ಮಾಡಿಕೊಟ್ಟಿದೆ. ಅದರಿಂದ ಕೂಸುಗಳ ಜೀವ ಉಳಿದಿದೆ. ಸಾವಾದ ಮನೆಗೆ ಅಂಥ ಕ್ಯಾಲೆಂಡರ್ ಇಲ್ಲ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕೆಂದು 1969ರ ಕಾನೂನು ಹೇಳುತ್ತದೆ. ಅಂದರೆ ಯಾವ ಮನೆಯಲ್ಲಿ ಯಾರು ಹೋದರು ಎಂಬ ಪಟ್ಟಿ ಮೂರು ವಾರದಲ್ಲಿ ಊರಿನ ಕಚೇರಿಯಲ್ಲಿರುತ್ತದೆ. ಆ ಪಟ್ಟಿಯಿಂದ ಪ್ರಮಾಣಪತ್ರ ಬರುತ್ತದೆ, ಖಾತೆ ಬದಲಾಗುತ್ತದೆ, ವಿಧವಾ ವೇತನದ ಅರ್ಜಿ ಹೊರಡುತ್ತದೆ, ಮನುಷ್ಯರು ಮಾತ್ರ ಹೊರಡುವುದಿಲ್ಲ. ಆಶಾ ಕಾರ್ಯಕರ್ತೆಯರ ಮೇಲೆ ಈಗಾಗಲೇ ಹೊರೆ ಹೆಚ್ಚಿದೆ, ಇದನ್ನೂ ಅವರ ತಲೆಗೆ ಕಟ್ಟಬೇಕೆಂದು ನಾನು ಹೇಳುತ್ತಿಲ್ಲ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರವಿದೆ, ಸ್ತ್ರೀಶಕ್ತಿ ಸಂಘಗಳಿವೆ, ಹಾಲಿನ ಡೈರಿಯಿದೆ. ಅಲ್ಲಿಂದ ಇಬ್ಬರು, ಸಾಧ್ಯವಾದರೆ ಬೇರೆ ಕೇರಿಯವರು, ತಿಂಗಳಿಗೊಮ್ಮೆ ಆ ಮನೆಗೆ ಹೋಗಿ ಒಂದು ಗಂಟೆ ಕೂತು ಬರುವುದಕ್ಕೆ ಯಾವ ಅನುದಾನವೂ ಬೇಕಿಲ್ಲ.

ನಿಮ್ಮ ಬೀದಿಯಲ್ಲಿ ಈಚೆಗೆ ತಿಥಿಯಾದ ಮನೆಯೊಂದಿದ್ದರೆ ಈ ವಾರ ಒಮ್ಮೆ ಹೋಗಿ ಬನ್ನಿ. ಏನು ಹೇಳಬೇಕೆಂದು ತೋಚದಿದ್ದರೆ ಹುಣಸೆಹಣ್ಣಿನ ಬೀಜ ಬಿಡಿಸುವುದಕ್ಕೋ ಹಿಪ್ಪುನೇರಳೆ ಸೊಪ್ಪು ಕೊಯ್ಯುವುದಕ್ಕೋ ಕೈಜೋಡಿಸಿ. ಮಾತು ತಾನಾಗಿ ಬರುತ್ತದೆ. ದುಃಖ ತಡೆಯಲಾಗದ ಸ್ಥಿತಿಯಲ್ಲಿ ಯಾರಾದರೂ ಇದ್ದರೆ, ಅಥವಾ ನೀವೇ ಇದ್ದರೆ, ಟೆಲಿ-ಮನಸ್ ಸಹಾಯವಾಣಿಗೆ ಕರೆ ಮಾಡಿ. ಸಂಖ್ಯೆ 14416. ಕರೆ ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.